ತೆರೆಯ ಹಿಂದಿನ ಪಠ್ಯ: ಸರ್ವರ್ ಸ್ಕ್ರಿಪ್ಟಿನ ಮೂಲ ಸಂಕೇತ ಮತ್ತು ಜಾನಪದ ದಾಖಲೆ

ಜಾನಪದ ಸಂಗ್ರಹದ ಚರಿತ್ರೆಯಲ್ಲಿ ಪ್ರತಿಯೊಂದು ಹೊಸ ಸಾಧನವೂ ತನ್ನೊಂದಿಗೆ ಒಂದು ಹೊಸ ಪ್ರಶ್ನೆಯನ್ನು ತಂದಿದೆ. ಲೇಖನಿ ಮತ್ತು ಕಾಗದದ ಕಾಲದಲ್ಲಿ ಸಂಗ್ರಾಹಕನು ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡನೇ ಎಂಬುದು ಪ್ರಶ್ನೆಯಾಗಿತ್ತು. ಧ್ವನಿಮುದ್ರಣ ಯಂತ್ರವು ಬಂದ ಮೇಲೆ, ಯಂತ್ರದ ಮುಂದೆ ಹಾಡಿದ ಹಾಡು ಹೊಲದಲ್ಲಿ, ಬೀಸುಕಲ್ಲಿನ ಮುಂದೆ ಹಾಡಿದ ಹಾಡೇ ಹೌದೇ ಎಂಬ ಪ್ರಶ್ನೆ ಎದ್ದಿತು. ಈಗ ಸಂಗ್ರಹಗಳು ಗಣಕಯಂತ್ರವನ್ನು ಸೇರಿ ಅಂತರಜಾಲದಲ್ಲಿ ದೊರೆಯತೊಡಗಿವೆ. ಸಂಶೋಧಕನು ಒಂದು ಪದವನ್ನು ಅಥವಾ ಒಂದು ಊರಿನ ಹೆಸರನ್ನು ಕೊಟ್ಟು ಹುಡುಕಿದೊಡನೆ ತೆರೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಆ ಪಟ್ಟಿಯನ್ನು ಸಿದ್ಧಪಡಿಸಿದವರು ಯಾರು, ಯಾವ ನಿಯಮದಂತೆ ಸಿದ್ಧಪಡಿಸಿದರು, ಯಾವುದನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಎಂಬುದು ಈ ಕಾಲದ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಉತ್ತರವು ಸರ್ವರ್ ಎಂಬ ದೂರದ ಗಣಕದಲ್ಲಿರುವ ಒಂದು ಬರಹದಲ್ಲಿದೆ. ಅದನ್ನು ಸರ್ವರ್ ಬದಿಯ ಸ್ಕ್ರಿಪ್ಟ್ ಎನ್ನುತ್ತಾರೆ. ಆ ಸ್ಕ್ರಿಪ್ಟನ್ನು ಬರೆದ ಸಾಲುಗಳೇ ಅದರ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್. ಸಾಮಾನ್ಯವಾಗಿ ಈ ಸಾಲುಗಳು ಓದುಗನ ಬ್ರೌಸರಿಗೆ ಬರುವುದಿಲ್ಲ. ಕೆಲವೊಮ್ಮೆ ದೋಷದಿಂದ ಬರುತ್ತವೆ, ಕೆಲವೊಮ್ಮೆ ಬೇಕೆಂದೇ ತೋರಿಸಲಾಗುತ್ತದೆ. ಈ ಮೂರೂ ಸ್ಥಿತಿಗಳ ಸ್ವರೂಪವನ್ನು ವಿವರಿಸಿ, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಜಾನಪದ ಸಾಮಗ್ರಿಯ ದಾಖಲೀಕರಣಕ್ಕೆ ಅವುಗಳಿಗಿರುವ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಠ್ಯ ಮತ್ತು ಪ್ರದರ್ಶನ

ಸ್ಕ್ರಿಪ್ಟ್ ಎಂಬ ಮಾತು ರಂಗಭೂಮಿಯಲ್ಲಿಯೂ ಬಳಕೆಯಲ್ಲಿದೆ. ಈ ಭಾಗದ ದೊಡ್ಡಾಟವನ್ನು ನೆನೆದರೆ ವಿಷಯವು ಸುಲಭವಾಗಿ ತಿಳಿಯುತ್ತದೆ. ಆಟ ಕಲಿಸುವ ಮಾಸ್ತರನ ಬಳಿ ಕೈಬರಹದ ಒಂದು ಪುಸ್ತಕವಿರುತ್ತದೆ. ಅದರಲ್ಲಿ ಪದಗಳಿರುತ್ತವೆ, ಪಾತ್ರಗಳ ಮಾತುಗಳಿರುತ್ತವೆ. ಅವುಗಳ ಜೊತೆಗೆ ತಾಳದ ಸೂಚನೆ, ಯಾವ ಪಾತ್ರ ಯಾವಾಗ ಪ್ರವೇಶಿಸಬೇಕೆಂಬ ಸೂಚನೆಗಳೂ ಇರುತ್ತವೆ. ತಿಂಗಳುಗಟ್ಟಲೆ ತಾಲೀಮು ನಡೆಯುವುದು ಈ ಪುಸ್ತಕವನ್ನು ಆಧರಿಸಿಯೇ. ಆದರೆ ಆಟದ ರಾತ್ರಿ ನೆರೆದ ಜನರಿಗೆ ಪುಸ್ತಕವು ಕಾಣುವುದಿಲ್ಲ. ಕುಣಿತ, ಹಾಡು, ಮಾತುಗಳಷ್ಟೇ ಕಾಣುತ್ತವೆ. ಪಾತ್ರಧಾರಿಯು 'ಇಲ್ಲಿ ಮೂರು ಹೆಜ್ಜೆ ಮುಂದೆ ಬರಬೇಕು' ಎಂಬ ಸೂಚನೆಯನ್ನು ಓದಿ ಹೇಳುವುದಿಲ್ಲ, ಮೂರು ಹೆಜ್ಜೆ ಮುಂದೆ ಬರುತ್ತಾನೆ. ಸೂಚನೆಯನ್ನು ಪಾಲಿಸುವುದು ಬೇರೆ, ಸೂಚನೆಯನ್ನು ಓದಿಹೇಳುವುದು ಬೇರೆ. ಸರ್ವರ್ ಸ್ಕ್ರಿಪ್ಟಿನ ವಿಷಯದಲ್ಲಿಯೂ ಮುಖ್ಯವಾದ ವ್ಯತ್ಯಾಸ ಇದೇ ಆಗಿದೆ.

ಮೌಖಿಕ ಮಹಾಕಾವ್ಯದ ಅಧ್ಯಯನದಲ್ಲಿ ಇದಕ್ಕೆ ಇನ್ನೂ ಹತ್ತಿರದ ಪರಿಕಲ್ಪನೆಯೊಂದಿದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡವು 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರಿಂದ ತುಳು ಸಿರಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡಿತು. 15,683 ಸಾಲುಗಳ ಆ ಪಠ್ಯವು 1998ರಲ್ಲಿ ಪ್ರಕಟವಾಯಿತು. ಗಾಯಕನ ಮನಸ್ಸಿನಲ್ಲಿ ಕಥಾಭಾಗಗಳು, ಸಿದ್ಧ ನುಡಿಗಟ್ಟುಗಳು ಮತ್ತು ಅವುಗಳನ್ನು ಜೋಡಿಸುವ ನಿಯಮಗಳು ಒಟ್ಟಾಗಿರುವ ಒಂದು 'ಮನೋಪಠ್ಯ'ವಿದ್ದು, ಸಂದರ್ಭವು ಬೇಡಿದಂತೆ ಅದು ಹಿರಿದಾಗಿಯೋ ಕಿರಿದಾಗಿಯೋ ಹಾಡಾಗಿ ಹೊರಬರುತ್ತದೆ ಎಂಬುದು ಹೊಂಕೊ ಅವರ ವಿಚಾರ. ಸರ್ವರ್ ಸ್ಕ್ರಿಪ್ಟ್ ಕೂಡ ಹೀಗೆಯೇ ಕೇಳಿದವನ ಕೋರಿಕೆಗೆ ತಕ್ಕಂತೆ ಬೇರೆ ಬೇರೆ ಪುಟಗಳನ್ನು ಕಟ್ಟಿಕೊಡುತ್ತದೆ. ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲುತ್ತದೆ. ಗಾಯಕನು ಕೇಳುಗರ ಮುಖ ನೋಡಿ ಹಾಡನ್ನು ಬದಲಿಸಬಲ್ಲ, ಯಂತ್ರವು ಬರೆದುಕೊಟ್ಟ ನಿಯಮವನ್ನು ಮೀರಲಾರದು. ಗಾಯಕನ ಮನೋಪಠ್ಯವನ್ನು ಯಾರೂ ತೆರೆದು ಓದಲಾರರು. ಸ್ಕ್ರಿಪ್ಟಿನ ಮೂಲ ಸಂಕೇತವನ್ನು ಮಾತ್ರ, ಅವಕಾಶವಿದ್ದಲ್ಲಿ, ಸಾಲು ಸಾಲಾಗಿ ಓದಬಹುದು. ಸಂಶೋಧಕನಿಗೆ ಈ ಅವಕಾಶವು ಅಲಕ್ಷಿಸಬಾರದಂತಹುದು.

ಸ್ಕ್ರಿಪ್ಟ್ ಕೆಲಸ ಮಾಡುವ ಬಗೆ

ಆರಂಭದ ವೆಬ್ ಪುಟಗಳು ಮುದ್ರಿತ ಹಾಳೆಗಳಂತೆ ಸ್ಥಿರವಾಗಿದ್ದವು. ಸರ್ವರಿನಲ್ಲಿದ್ದ ಕಡತವನ್ನು ಇದ್ದ ಹಾಗೆಯೇ ಬ್ರೌಸರಿಗೆ ಕಳುಹಿಸಲಾಗುತ್ತಿತ್ತು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸಿಜಿಐ ಎಂಬ ವ್ಯವಸ್ಥೆಯು ರೂಪುಗೊಂಡ ಮೇಲೆ, ಕೋರಿಕೆ ಬಂದಾಗ ಸರ್ವರ್ ಒಂದು ಕ್ರಮವಿಧಿಯನ್ನು ನಡೆಸಿ, ಅದರ ಫಲಿತವನ್ನು ಪುಟವಾಗಿ ಕಳುಹಿಸುವುದು ಸಾಧ್ಯವಾಯಿತು. ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಈ ಬಗೆಯ ಕೆಲಸಕ್ಕೆ ಬಹುವಾಗಿ ಬಳಕೆಯಾದ ಭಾಷೆ. ಸಾಮಾನ್ಯ ಪುಟದ ನಡುವೆಯೇ ಕೋನಾವರಣ ಮತ್ತು ಪ್ರಶ್ನಾರ್ಥಕ ಚಿಹ್ನೆಗಳಿಂದ ಆರಂಭವಾಗುವ ಒಂದು ಗುರುತನ್ನು ಹಾಕಿ, ಅದರೊಳಗೆ ಸೂಚನೆಗಳನ್ನು ಬರೆಯುವುದು ಇದರ ಕ್ರಮ.

ಒಂದು ಕೋರಿಕೆಯು ಹಾದುಹೋಗುವ ಹಂತಗಳು ಇವು. ಓದುಗನು ವಿಳಾಸವನ್ನು ಕೊಟ್ಟೊಡನೆ ಬ್ರೌಸರ್ ಸರ್ವರನ್ನು ಸಂಪರ್ಕಿಸುತ್ತದೆ. ಸರ್ವರ್ ಕೋರಿದ ಕಡತದ ಹೆಸರಿನ ಕೊನೆಯ ಭಾಗವನ್ನು, ಅಂದರೆ ವಿಸ್ತರಣೆಯನ್ನು ನೋಡುತ್ತದೆ. ಅದು ಚಿತ್ರವೋ ಸಾಮಾನ್ಯ ಪುಟವೋ ಆಗಿದ್ದರೆ ಹಾಗೆಯೇ ಕಳುಹಿಸುತ್ತದೆ. ಸ್ಕ್ರಿಪ್ಟ್ ಆಗಿದ್ದರೆ ಅದನ್ನು ಓದಿ ನಡೆಸುವ ವ್ಯಾಖ್ಯಾನಕ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಆ ತಂತ್ರಾಂಶವು ಸೂಚನೆಗಳಂತೆ ದತ್ತಕೋಶದಿಂದ ಹಾಡುಗಳನ್ನೋ ಹೆಸರುಗಳನ್ನೋ ಹೆಕ್ಕಿ, ಜೋಡಿಸಿ, ಸಿದ್ಧವಾದ ಪುಟವನ್ನು ಸರ್ವರಿಗೆ ಮರಳಿಸುತ್ತದೆ. ಬ್ರೌಸರನ್ನು ತಲುಪುವುದು ಈ ಸಿದ್ಧ ಪುಟವಷ್ಟೇ.

ಬ್ರೌಸರಿನಲ್ಲಿ ಪುಟದ ಮೂಲವನ್ನು ತೋರಿಸುವ ಸೌಲಭ್ಯವೊಂದಿದೆ. ಅದನ್ನು ಬಳಸಿದರೆ ಸ್ಕ್ರಿಪ್ಟ್ ಕಾಣುತ್ತದೆಂದು ಹಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಅಲ್ಲಿ ಕಾಣುವುದು ಬ್ರೌಸರಿಗೆ ಬಂದು ಸೇರಿದ ಪುಟದ ವಿನ್ಯಾಸ ಸಂಕೇತ ಮತ್ತು ಬ್ರೌಸರಿನಲ್ಲಿಯೇ ನಡೆಯಬೇಕಾದ ಜಾವಾಸ್ಕ್ರಿಪ್ಟಿನಂತಹ ಸಾಲುಗಳು ಮಾತ್ರ. ಸರ್ವರಿನಲ್ಲಿ ನಡೆದು ಮುಗಿದ ಸೂಚನೆಗಳ ಸುಳಿವೂ ಅದರಲ್ಲಿರುವುದಿಲ್ಲ. ಅಡುಗೆಯ ರುಚಿ ನೋಡಿ ಹಾಕಿದ ಪದಾರ್ಥಗಳನ್ನು ಊಹಿಸಬಹುದು, ಒಲೆಯ ಮುಂದೆ ನಡೆದ ಕೆಲಸವನ್ನು ಕಾಣಲಾಗದು.

ಬೇಡದ ಪ್ರದರ್ಶನ

ಮೇಲಿನ ಹಂತಗಳಲ್ಲಿ ಯಾವುದಾದರೊಂದು ತಪ್ಪಿದಾಗ ಸ್ಕ್ರಿಪ್ಟಿನ ಸಾಲುಗಳೇ ಓದುಗನಿಗೆ ಕಾಣಿಸುತ್ತವೆ. ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಸರ್ವರಿಗೆ ವ್ಯಾಖ್ಯಾನಕ ತಂತ್ರಾಂಶವನ್ನು ಜೋಡಿಸದಿರುವುದು ಅಥವಾ ಜೋಡಣೆಯು ಕಳಚಿಹೋಗಿರುವುದು. ಆಗ ಸರ್ವರಿಗೆ ಸ್ಕ್ರಿಪ್ಟು ಕೇವಲ ಒಂದು ಬರಹದ ಕಡತವಾಗಿ ತೋರುತ್ತದೆ. ಅದನ್ನು ಹಾಗೆಯೇ ಕಳುಹಿಸಿಬಿಡುತ್ತದೆ. ಹೊಸ ಸರ್ವರಿಗೆ ಸಂಗ್ರಹವನ್ನು ಸ್ಥಳಾಂತರಿಸುವಾಗ ಈ ತಪ್ಪು ಸಂಭವಿಸುವುದುಂಟು. ಎರಡನೆಯದು, ಆರಂಭದ ಗುರುತಿನ ವ್ಯತ್ಯಾಸ. ಪಿಎಚ್‌ಪಿಯಲ್ಲಿ ಪೂರ್ಣ ಗುರುತಲ್ಲದೆ ಸಂಕ್ಷಿಪ್ತ ಗುರುತೂ ಇದ್ದು, ಅದನ್ನು ಒಪ್ಪದಂತೆ ಸರ್ವರನ್ನು ಹೊಂದಿಸಿದ್ದರೆ ಅದರೊಳಗಿನ ಸಾಲುಗಳು ನಡೆಯದೆ ಹೊರಬೀಳುತ್ತವೆ. ಮೂರನೆಯದು, ಕಡತದ ಹೆಸರು ಬದಲಾಗುವುದು. ತಿದ್ದುವ ಮೊದಲು ಹಳೆಯ ಪ್ರತಿಯನ್ನು ಬೇರೆ ವಿಸ್ತರಣೆಯಿಂದ ಅದೇ ಜಾಗದಲ್ಲಿ ಉಳಿಸಿದರೆ, ಸರ್ವರ್ ಅದನ್ನು ಸ್ಕ್ರಿಪ್ಟೆಂದು ಗುರುತಿಸುವುದಿಲ್ಲ. ನಾಲ್ಕನೆಯದು, ಸರ್ವರ್ ತಂತ್ರಾಂಶದಲ್ಲಿಯೇ ಇರುವ ದೋಷ.

ಬ್ರೌಸರಿನಲ್ಲಿ ಇಂತಹ ಸೋರಿಕೆಯು ಪೂರ್ಣವಾಗಿ ಕಾಣದಿರುವುದೂ ಉಂಟು. ಕೋನಾವರಣದ ಜೊತೆ ಪ್ರಶ್ನಾರ್ಥಕ ಚಿಹ್ನೆ ಬಂದಾಗ ಬ್ರೌಸರ್ ಅದನ್ನು ಟಿಪ್ಪಣಿಯೆಂದು ಬಗೆದು, ಮುಂದಿನ ಮುಚ್ಚುವ ಕೋನಾವರಣದವರೆಗಿನ ಬರಹವನ್ನು ಮರೆಮಾಡುತ್ತದೆ; ಅಲ್ಲಿಂದ ಮುಂದಿನ ತುಂಡುಗಳು ಮಾತ್ರ ತೆರೆಯ ಮೇಲೆ ಬೀಳುತ್ತವೆ. ಪುಟವು ಖಾಲಿಯಾಗಿಯೋ ಅಸ್ತವ್ಯಸ್ತವಾಗಿಯೋ ತೋರಿದರೂ, ಪುಟದ ಮೂಲವನ್ನು ತೆರೆದವನಿಗೆ ಸ್ಕ್ರಿಪ್ಟು ಪೂರ್ತಿಯಾಗಿ ದೊರೆಯುತ್ತದೆ. ಆದುದರಿಂದ ತೆರೆಯ ಮೇಲೆ ಏನೂ ಕಾಣುತ್ತಿಲ್ಲವೆಂದು ನಿಶ್ಚಿಂತರಾಗಿರುವಂತಿಲ್ಲ.

ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನಗಳಿವೆ. 1998ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವೆಬ್ ಸರ್ವರಿನಲ್ಲಿ, ವಿಳಾಸದ ಕೊನೆಗೆ ಕೆಲವು ಚಿಹ್ನೆಗಳನ್ನೂ 'ಡೇಟಾ' ಎಂಬ ಪದವನ್ನೂ ಸೇರಿಸಿದರೆ ಸ್ಕ್ರಿಪ್ಟು ನಡೆಯುವ ಬದಲು ಅದರ ಮೂಲ ಸಂಕೇತವೇ ಬರುತ್ತಿತ್ತು. ವಿಸ್ತರಣೆಯು ಹೊಂದದ ಕಾರಣ ಸರ್ವರ್ ಅದನ್ನು ಸಾಮಾನ್ಯ ಕಡತವೆಂದು ಬಗೆಯುತ್ತಿತ್ತು. 2007ರ ಆಗಸ್ಟಿನಲ್ಲಿ ಫೇಸ್‌ಬುಕ್ಕಿನ ಮುಖಪುಟದ ಪಿಎಚ್‌ಪಿ ಸಾಲುಗಳು ಸರ್ವರಿನ ಹೊಂದಾಣಿಕೆಯ ದೋಷದಿಂದ ಕೆಲವು ಬಳಕೆದಾರರಿಗೆ ಕಾಣಿಸಿ, ಬಳಿಕ ಅಂತರಜಾಲದಲ್ಲಿ ಪ್ರಕಟವಾದವು. 2012ರ ಮೇ ತಿಂಗಳಲ್ಲಿ ಬಹಿರಂಗವಾದ ಇನ್ನೊಂದು ದೋಷವು ಸಿಜಿಐ ಮೂಲಕ ಪಿಎಚ್‌ಪಿ ನಡೆಸುವ ಕೆಲವು ಸರ್ವರುಗಳಿಗೆ ಸಂಬಂಧಿಸಿತ್ತು. ವಿಳಾಸದ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಕಿರುಗೆರೆ ಮತ್ತು 'ಎಸ್' ಅಕ್ಷರವನ್ನಿಟ್ಟರೆ ಸಾಕು, ಮೂಲ ಸಂಕೇತವು ಬಣ್ಣಬಣ್ಣದ ಅಕ್ಷರಗಳಲ್ಲಿ ತೆರೆಯ ಮೇಲೆ ಮೂಡುತ್ತಿತ್ತು. ಈ ದೋಷವು ಸುಮಾರು 8 ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಅದನ್ನು ಬಳಸಿ ಸರ್ವರಿನಲ್ಲಿ ಅನ್ಯರು ತಮ್ಮ ಸೂಚನೆಗಳನ್ನು ನಡೆಸುವ ಅಪಾಯವೂ ಇತ್ತು.

ಹಾನಿಯು ಇರುವುದು ಸಾಲುಗಳು ಕಂಡವು ಎಂಬುದರಲ್ಲಿ ಅಲ್ಲ, ಆ ಸಾಲುಗಳ ನಡುವೆ ಬರೆದಿಟ್ಟ ಗುಟ್ಟುಗಳಲ್ಲಿ. ದತ್ತಕೋಶದ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಸ್ಕ್ರಿಪ್ಟಿನಲ್ಲಿಯೇ ಬರೆದಿಟ್ಟಿದ್ದರೆ, ಸ್ಕ್ರಿಪ್ಟು ಕಂಡವನಿಗೆ ಕೋಶದ ಬೀಗದ ಕೈ ಸಿಕ್ಕಂತೆಯೇ.

ಹಾಗೆಂದು ಕನ್ನಡ ಸಂಶೋಧಕರು ಬಹುಕಾಲದಿಂದ ಬಲ್ಲ ಇನ್ನೊಂದು ತೊಡಕನ್ನು ಇದರೊಂದಿಗೆ ಬೆರೆಸಬಾರದು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಲೇಖನವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ವಿಚಿತ್ರ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಅಲ್ಲಿ ಒಳಗಿನ ಅಕ್ಷರಸಂಕೇತವು ಹೊರಬಿದ್ದಿದೆ ಎಂಬುದು ನಿಜ. ಆದರೆ ಅದು ಪಠ್ಯದ ಸಂಕೇತ. ಪಠ್ಯವನ್ನು ಆಯ್ದು ಜೋಡಿಸುವ ಸೂಚನೆಯಲ್ಲ. ಮೊದಲನೆಯದು ಫಾಂಟ್ ಹಾಕಿದರೆ ಸರಿಹೋಗುತ್ತದೆ, ಎರಡನೆಯದು ಸರ್ವರಿನಲ್ಲಿಯೇ ಸರಿಯಾಗಬೇಕು.

ಬೇಕೆಂದೇ ತೋರಿಸುವ ಕ್ರಮಗಳು

ಮೂಲ ಸಂಕೇತವನ್ನು ಉದ್ದೇಶಪೂರ್ವಕವಾಗಿ ತೋರಿಸಬೇಕಾದಾಗ ಎರಡು ತೊಡಕುಗಳನ್ನು ನಿವಾರಿಸಬೇಕಾಗುತ್ತದೆ. ಸರ್ವರ್ ಅದನ್ನು ನಡೆಸಬಾರದು; ಬ್ರೌಸರ್ ಅದನ್ನು ವಿನ್ಯಾಸ ಸಂಕೇತವೆಂದು ತಿಳಿದು ನುಂಗಬಾರದು.

ಅತ್ಯಂತ ಸರಳವಾದ ಕ್ರಮವೆಂದರೆ ಸ್ಕ್ರಿಪ್ಟಿನ ಒಂದು ಪ್ರತಿಯನ್ನು ಶುದ್ಧ ಬರಹದ ಕಡತವಾಗಿ ಇರಿಸಿ, ಅದು ಶುದ್ಧ ಬರಹವೆಂದು ಸರ್ವರ್ ಬ್ರೌಸರಿಗೆ ತಿಳಿಸುವಂತೆ ಮಾಡುವುದು. ಎರಡನೆಯ ಕ್ರಮದಲ್ಲಿ ಪಿಎಚ್‌ಪಿಗೆಂದೇ ಗೊತ್ತುಪಡಿಸಿದ ಬೇರೊಂದು ವಿಸ್ತರಣೆಯನ್ನು ಕಡತಕ್ಕೆ ಕೊಟ್ಟು, ಅಪಾಚೆ ಸರ್ವರಿನಲ್ಲಿ ಆ ವಿಸ್ತರಣೆಯನ್ನು ನಡೆಸದೆ ತೋರಿಸುವಂತೆ ಸೂಚಿಸಲಾಗುತ್ತದೆ. ಮೂರನೆಯದರಲ್ಲಿ ಒಂದು ಸ್ಕ್ರಿಪ್ಟೇ ಇನ್ನೊಂದು ಕಡತವನ್ನು ಓದಿ, ಪದವರ್ಗಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ತೋರಿಸುತ್ತದೆ. ಇದಕ್ಕೆ 'ಹೈಲೈಟ್ ಫೈಲ್' ಎಂಬ ಸಿದ್ಧ ಸೂಚನೆಯು ಪಿಎಚ್‌ಪಿಯಲ್ಲಿದೆ. ನಾಲ್ಕನೆಯ ಕ್ರಮದಲ್ಲಿ ಸಾಲುಗಳಲ್ಲಿರುವ ಕೋನಾವರಣ ಮೊದಲಾದ ಚಿಹ್ನೆಗಳ ಬದಲು ಅವುಗಳ ಹೆಸರಿನ ಸಂಕೇತಗಳನ್ನಿಟ್ಟು, ಸಾಲು ಮತ್ತು ಅಂತರಗಳನ್ನು ಇದ್ದಂತೆಯೇ ಉಳಿಸುವ ಚೌಕಟ್ಟಿನೊಳಗೆ ಮುದ್ರಿಸಲಾಗುತ್ತದೆ. ಈ ಬದಲಾವಣೆಯ ನಂತರ ಬ್ರೌಸರಿಗೆ ಅವು ಆಜ್ಞೆಗಳಾಗಿರದೆ ಕೇವಲ ಅಕ್ಷರಗಳಾಗಿರುತ್ತವೆ.

ಮೂರನೆಯ ಕ್ರಮದಲ್ಲಿ ವಿಶೇಷ ಎಚ್ಚರ ಬೇಕು. ಯಾವ ಕಡತವನ್ನು ತೋರಿಸಬೇಕೆಂಬುದನ್ನು ಓದುಗನ ವಿಳಾಸದಿಂದಲೇ ತೆಗೆದುಕೊಳ್ಳುವಂತೆ ಬರೆದರೆ, ದುರುದ್ದೇಶವುಳ್ಳವನು ಗುಪ್ತಪದವಿರುವ ಕಡತದ ಹೆಸರನ್ನೇ ಕೊಟ್ಟು ಅದನ್ನೂ ಓದಬಲ್ಲ. ಆದುದರಿಂದ ತೋರಿಸಬಹುದಾದ ಕಡತಗಳ ಪಟ್ಟಿಯೊಂದನ್ನು ಮೊದಲೇ ಗೊತ್ತುಪಡಿಸಿ, ಅದರ ಹೊರಗಿನ ಯಾವ ಹೆಸರನ್ನೂ ಸ್ವೀಕರಿಸದಿರುವುದು ಸರಿಯಾದ ಮಾರ್ಗ.

ಕನ್ನಡದಲ್ಲಿ ಇಂತಹ ಪ್ರದರ್ಶನದ ನಿತ್ಯದ ನಿದರ್ಶನವು ವಿಕಿಪೀಡಿಯದಲ್ಲಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಮೀಡಿಯಾವಿಕಿ ಎಂಬ ಪಿಎಚ್‌ಪಿ ತಂತ್ರಾಂಶದ ಮೇಲೆ ನಡೆಯುತ್ತದೆ. ಈ ತಂತ್ರಾಂಶದ ಮೂಲ ಸಂಕೇತವು ಮುಕ್ತ ಪರವಾನಗಿಯಲ್ಲಿ ಯಾರಿಗೂ ದೊರೆಯುತ್ತದೆ. ಇದಲ್ಲದೆ 2013ರಿಂದ ವಿಕಿಪೀಡಿಯದ ಪುಟಗಳಲ್ಲಿ ಲುವಾ ಭಾಷೆಯ ಸ್ಕ್ರಿಪ್ಟುಗಳನ್ನು ಬಳಸಲು ಅವಕಾಶವಿದೆ. ಮಾಡ್ಯೂಲ್ ಎಂಬ ವರ್ಗದ ಪುಟಗಳಲ್ಲಿ ಇವುಗಳನ್ನು ಬರೆಯಲಾಗುತ್ತದೆ. ಬೇರೊಂದು ಲೇಖನವು ಮಾಡ್ಯೂಲನ್ನು ಕರೆದಾಗ ಅದು ಸರ್ವರಿನಲ್ಲಿ ನಡೆದು ಫಲಿತವನ್ನಷ್ಟೇ ಕೊಡುತ್ತದೆ. ಮಾಡ್ಯೂಲಿನ ಪುಟವನ್ನೇ ತೆರೆದರೆ ಸಾಲುಸಂಖ್ಯೆಯೊಂದಿಗೆ ಅದರ ಮೂಲ ಸಂಕೇತವು ಬ್ರೌಸರಿನಲ್ಲಿ ಕಾಣುತ್ತದೆ. ಯಾರು ಯಾವ ದಿನ ಯಾವ ಸಾಲನ್ನು ತಿದ್ದಿದರು ಎಂಬ ಇತಿಹಾಸವೂ ಜೊತೆಯಲ್ಲಿರುತ್ತದೆ. ದೊಡ್ಡಾಟದ ಮಾತಿನಲ್ಲಿ ಹೇಳುವುದಾದರೆ, ಆಟವೂ ನಡೆಯುತ್ತದೆ, ಮಾಸ್ತರನ ಪುಸ್ತಕವೂ ಕಟ್ಟೆಯ ಮೇಲೆ ತೆರೆದಿರುತ್ತದೆ.

ಮೂರು ತಾಲೂಕುಗಳ ಸಾಮಗ್ರಿ ಮತ್ತು ಸ್ಕ್ರಿಪ್ಟಿನ ನಿರ್ಣಯಗಳು

ಸ್ಕ್ರಿಪ್ಟಿನ ಒಂದೊಂದು ಸಾಲೂ ಒಂದು ನಿರ್ಣಯ. ಅದನ್ನು ಕಾಣದವನು ಆ ನಿರ್ಣಯದ ಫಲವನ್ನು ಕ್ಷೇತ್ರದ ಸತ್ಯವೆಂದು ತಿಳಿಯುವ ಸಂಭವವಿದೆ. ಈ ಮೂರು ತಾಲೂಕುಗಳ ಹಾಡು, ಕತೆ, ಐತಿಹ್ಯಗಳನ್ನೊಳಗೊಂಡ ಒಂದು ಕೋಶವನ್ನು ಕಲ್ಪಿಸಿಕೊಂಡು ಕೆಲವು ನಿರ್ಣಯಗಳನ್ನು ಪರಿಶೀಲಿಸಬಹುದು.

ಮೊದಲನೆಯದು ತಾಲೂಕಿನ ನಿರ್ಣಯ. ಮಸ್ಕಿಯು ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು, ಈಗ ಪ್ರತ್ಯೇಕ ತಾಲೂಕಾಗಿದೆ. ಹಳೆಯ ಸಂಗ್ರಹಗಳಲ್ಲಿ ಮಸ್ಕಿಯ ಹಾಡುಗಳು ಸಹಜವಾಗಿಯೇ ಲಿಂಗಸುಗೂರು ತಾಲೂಕಿನ ಹೆಸರಿನಲ್ಲಿರುತ್ತವೆ. ಸ್ಕ್ರಿಪ್ಟು ದಾಖಲೆಯಲ್ಲಿರುವ ತಾಲೂಕಿನ ಹೆಸರನ್ನಷ್ಟೇ ನೋಡಿದರೆ, ಮಸ್ಕಿ ತಾಲೂಕೆಂದು ಹುಡುಕಿದವನಿಗೆ ಅವು ದೊರೆಯುವುದಿಲ್ಲ. ಒಂದು ಹಾಡಿನ ಪ್ರಕಾರವು ಮಸ್ಕಿಯಲ್ಲಿ ಇಲ್ಲವೆಂದು ಆತ ಬರೆದುಬಿಡಬಹುದು. ಹಾಡು ಇರಲಿಲ್ಲವೆಂಬುದಕ್ಕೂ ಸ್ಕ್ರಿಪ್ಟು ತೋರಿಸಲಿಲ್ಲವೆಂಬುದಕ್ಕೂ ಇರುವ ಅಂತರವು ಮೂಲ ಸಂಕೇತವನ್ನು ನೋಡಿದವನಿಗೆ ಮಾತ್ರ ತಿಳಿಯುತ್ತದೆ.

ಎರಡನೆಯದು ಹೆಸರಿನ ರೂಪಗಳ ನಿರ್ಣಯ. ಲಿಂಗಸುಗೂರು, ಲಿಂಗಸೂಗೂರು, ಲಿಂಗಸಗೂರು ಎಂಬ ರೂಪಗಳು ಬರಹದಲ್ಲಿ ಕಾಣುತ್ತವೆ. ಸಿಂಧನೂರು ಸಿಂದನೂರೆಂದೂ ಬರುತ್ತದೆ. ಶಾಸನಗಳಲ್ಲಿ ಮಸ್ಕಿಗೆ ಮೊಸಂಗಿ ಎಂಬ ರೂಪವಿದೆ. ಇವೆಲ್ಲವೂ ಒಂದೇ ಊರಿನ ಹೆಸರುಗಳೆಂದು ಯಂತ್ರಕ್ಕೆ ತಾನಾಗಿ ತಿಳಿಯದು. ಸ್ಕ್ರಿಪ್ಟಿನಲ್ಲಿ ಅಥವಾ ಅದು ನೋಡುವ ಪಟ್ಟಿಯಲ್ಲಿ ಯಾರಾದರೂ ಬರೆದಿರಬೇಕು.

ಹೆಸರಿನ ಸಮೀಕರಣವು ಎಷ್ಟು ದೊಡ್ಡ ವಿಷಯವೆಂಬುದಕ್ಕೆ ಮಸ್ಕಿಯ ಬಂಡೆಯೇ ಸಾಕ್ಷಿಯಾಗಿದೆ. ಜೇಮ್ಸ್ ಪ್ರಿನ್ಸೆಪ್ ಅವರು 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳ ಅರಸನು ಯಾರೆಂಬ ಪ್ರಶ್ನೆ ಎದ್ದಿತು. ಸಿಂಹಳದ ಗ್ರಂಥಗಳ ಆಧಾರದಿಂದ ಆತ ಅಶೋಕನೇ ಎಂದು ವಿದ್ವಾಂಸರು ನಿರ್ಣಯಿಸಿದ್ದರೂ ಆಗ ದೊರೆತಿದ್ದ ಧರ್ಮಶಾಸನಗಳಲ್ಲಿ ಆ ಹೆಸರು ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಕಂಡ ಶಾಸನವು ಬಿರುದಿನ ಜೊತೆಗೇ ಅಶೋಕನ ಹೆಸರನ್ನೂ ನೀಡಿತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ವಿದ್ವಾಂಸರ ತರ್ಕವು ಸರಿಯಾಗಿಯೇ ಇತ್ತು. ಆದರೂ ಮೂಲವು ಕಣ್ಣಿಗೆ ಕಂಡ ಮೇಲೆ ಅದಕ್ಕೆ ಬಂದ ಬಲವು ಬೇರೆಯೇ ಆಗಿತ್ತು. ಎರಡು ಹೆಸರುಗಳು ಒಂದೇ ಎಂದು ಹೇಳುವ ಯಾವ ಕ್ರಮವಿಧಿಯೂ ಅದಕ್ಕೆ ಆಧಾರವನ್ನು ತೋರಿಸಬೇಕೆಂಬ ಪಾಠವನ್ನು ಇದರಿಂದ ಪಡೆಯಬಹುದು.

ಮೂರನೆಯದು ಲಿಪಿ ಪರಿವರ್ತನೆಯ ನಿರ್ಣಯ. ಹಿಂದಿನ ಎರಡು ಮೂರು ದಶಕಗಳಲ್ಲಿ ನುಡಿ ಮೊದಲಾದ ತಂತ್ರಾಂಶಗಳಲ್ಲಿ ಅಚ್ಚಾದ ಸಂಗ್ರಹಗಳನ್ನು ಅಂತರಜಾಲಕ್ಕೆ ತರುವಾಗ ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ. ಹಳೆಯ ವಿನ್ಯಾಸದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಸಂಗ್ರಹವಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕಿಂತ ಮೊದಲು ಬರಬೇಕು. ಸ್ಕ್ರಿಪ್ಟು ಈ ಸ್ಥಾನಪಲ್ಲಟವನ್ನು ಮಾಡದಿದ್ದರೆ 'ಕರ್ನಾಟಕ'ವು 'ಕನಾರ್ಟಕ'ವಾಗುತ್ತದೆ, 'ದರ್ಗಾ' ಎಂಬುದು 'ದಗಾರ್' ಆಗುತ್ತದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಅಲ್ಲಿನ ಹುಸೇನಿ ಆಲಂ ದರ್ಗಾಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಅಲಾಯಿ ಹಬ್ಬದ ಪದಗಳನ್ನು ಅರಸುವವನು 'ದರ್ಗಾ' ಎಂದು ಹುಡುಕಿದಾಗ ಒಂದು ಹಾಡೂ ದೊರೆಯದಿದ್ದರೆ, ದೋಷವು ಹಾಡುಗಾರರದೂ ಅಲ್ಲ, ಸಂಗ್ರಾಹಕನದೂ ಅಲ್ಲ. ಪರಿವರ್ತನೆಯ ಸ್ಕ್ರಿಪ್ಟಿನ ಒಂದು ಸಾಲಿನದು. ಆ ಸಾಲು ತೆರೆದಿದ್ದರೆ ದೋಷವನ್ನು ಹುಡುಕಿ ತಿದ್ದಿಸಬಹುದು.

ನಾಲ್ಕನೆಯದು ಭಾಷಾರೂಪದ ನಿರ್ಣಯ. ಈ ಭಾಗದ ಆಡುಮಾತಿನಲ್ಲಿ 'ಬಂದಾನ', 'ಹೋಗ್ಯಾಳ', 'ಮಾಡ್ಯಾರ' ಎಂಬ ಕ್ರಿಯಾರೂಪಗಳು ಸಹಜವಾದವು. ಹುಡುಕಾಟಕ್ಕೆ ಅನುಕೂಲವಾಗಲೆಂದು ಇವುಗಳನ್ನು ಶಿಷ್ಟರೂಪಗಳೊಂದಿಗೆ ಹೊಂದಿಸುವುದು ಉಪಯುಕ್ತವೇ. ಆದರೆ ಹೊಂದಿಸುವ ಸ್ಕ್ರಿಪ್ಟು ತೋರಿಸುವಾಗಲೂ ಶಿಷ್ಟರೂಪವನ್ನೇ ತೋರಿಸಿದರೆ, ಅದು ಹಳೆಯ ಕಾಲದ ಸಂಪಾದಕರು ಪಠ್ಯವನ್ನು 'ತಿದ್ದಿ' ಅಚ್ಚು ಮಾಡಿದ ರೂಢಿಯನ್ನೇ ಯಂತ್ರದ ಮೂಲಕ ಮುಂದುವರಿಸಿದಂತೆ. ಅಚ್ಚಿನ ಪುಸ್ತಕದಲ್ಲಿ ಸಂಪಾದಕರು ಪ್ರಸ್ತಾವನೆಯಲ್ಲಾದರೂ ತಮ್ಮ ಕ್ರಮವನ್ನು ಹೇಳುತ್ತಿದ್ದರು. ಸ್ಕ್ರಿಪ್ಟಿಗೆ ಪ್ರಸ್ತಾವನೆಯಿಲ್ಲ, ಅದರ ಮೂಲ ಸಂಕೇತವೇ ಅದರ ಪ್ರಸ್ತಾವನೆ.

ಐದನೆಯದು ಭಾಷೆಯ ವಿಭಾಗದ ನಿರ್ಣಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭಾಗದಲ್ಲಿ ಆಂಧ್ರದ ಕೃಷಿಕರ ಕ್ಯಾಂಪುಗಳು ನೆಲೆಗೊಂಡವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಇದೇ ತಾಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಹೀಗೆ ಇಲ್ಲಿಯ ಜಾನಪದವು ಕನ್ನಡ, ತೆಲುಗು, ಉರ್ದು, ಬಂಗಾಳಿಗಳನ್ನೆಲ್ಲ ಒಳಗೊಂಡಿದೆ. ಕೋಶದ ಸ್ಕ್ರಿಪ್ಟು ಕನ್ನಡವೆಂದು ಗುರುತಾದ ದಾಖಲೆಗಳನ್ನು ಮಾತ್ರ ಪಟ್ಟಿ ಮಾಡಿದರೆ ಸಿಂಧನೂರಿನ ಚಿತ್ರವು ಅಪೂರ್ಣವಾಗಿ ಮೂಡುತ್ತದೆ.

ತೆರೆಯಬೇಕಾದುದು ಮತ್ತು ಮುಚ್ಚಿಡಬೇಕಾದುದು

ಹಾಗಾದರೆ ಎಲ್ಲವನ್ನೂ ತೆರೆದಿಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಕಾಣುವುದು ಅವಶ್ಯ: ಆಯ್ದು ಜೋಡಿಸುವ ನಿಯಮಗಳು, ಸಂಗ್ರಹದ ಸಾಮಗ್ರಿ ಮತ್ತು ಗುಟ್ಟಿನ ವಿವರಗಳು. ನಿಯಮಗಳನ್ನು ತೋರಿಸುವುದರಿಂದ ಸಂಶೋಧನೆಗೆ ಲಾಭವಿದೆ. ಸಾಮಗ್ರಿಯನ್ನು ಎಷ್ಟು ತೋರಿಸಬೇಕೆಂಬುದು ಹಾಡಿದವರ ಒಪ್ಪಿಗೆಗೆ ಸಂಬಂಧಿಸಿದ್ದು. ಹೊರಗಿನವರ ಮುಂದೆ ಹಾಡಬಾರದೆಂಬ ಕಟ್ಟಳೆಯ ಆಚರಣೆಯ ಪದಗಳನ್ನು ವಿಶ್ವಾಸದಿಂದ ಹೇಳಿಕೊಟ್ಟವರಿದ್ದಾರೆ. ವಿಳಾಸ, ಜಾತಿ, ಕುಟುಂಬದ ವಿವರಗಳನ್ನು ಕ್ಷೇತ್ರಕಾರ್ಯದ ಟಿಪ್ಪಣಿಗೆಂದು ಮಾತ್ರ ಕೊಟ್ಟವರಿದ್ದಾರೆ. ಗುಪ್ತಪದದಂತಹ ವಿವರಗಳು ಯಾವ ಕಾರಣಕ್ಕೂ ಹೊರಬರಬಾರದು.

ಈ ಮೂರನ್ನು ಒಂದೇ ಕಡತದಲ್ಲಿ ಬೆರೆಸಿಟ್ಟಾಗಲೇ ತೊಂದರೆಯು ಹುಟ್ಟುತ್ತದೆ. ಸ್ಕ್ರಿಪ್ಟು ಸೋರಿದಾಗ ಗುಪ್ತಪದವೂ ಸೋರುತ್ತದೆ. ಗುಪ್ತಪದ ಸೋರಿದಾಗ ವಕ್ತೃಗಳ ವಿವರವೂ ಸೋರುತ್ತದೆ. ನಷ್ಟವಾಗುವುದು ಸಂಸ್ಥೆಯ ಮಾನ ಮಾತ್ರವಲ್ಲ, ಹಳ್ಳಿಯ ಹಾಡುಗಾರ್ತಿಯು ಸಂಗ್ರಾಹಕನ ಮೇಲಿಟ್ಟ ನಂಬಿಕೆಯೂ ಹೌದು. ಒಮ್ಮೆ ಕೆಟ್ಟ ನಂಬಿಕೆಯನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಆದುದರಿಂದ ಗ್ರಂಥಾಲಯಗಳು ಮತ್ತು ಸಂಶೋಧನ ಕೇಂದ್ರಗಳು ಅನುಸರಿಸಬಹುದಾದ ಕೆಲವು ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು.

1. ಗುಪ್ತಪದ ಮೊದಲಾದವುಗಳನ್ನು ಸ್ಕ್ರಿಪ್ಟಿನಲ್ಲಿ ಬರೆಯದೆ, ವೆಬ್ ಸರ್ವರ್ ಯಾರಿಗೂ ಕಳುಹಿಸಲಾಗದ ಬೇರೊಂದು ಕಡತಕೋಶದಲ್ಲಿರಿಸುವುದು. ಆಗ ಸ್ಕ್ರಿಪ್ಟು ಅಕಸ್ಮಾತ್ ಕಂಡರೂ ಹಾನಿಯು ಸೀಮಿತವಾಗಿರುತ್ತದೆ.

2. ವಕ್ತೃಗಳ ಖಾಸಗಿ ವಿವರಗಳನ್ನು ಸಾರ್ವಜನಿಕ ಹುಡುಕಾಟದ ದತ್ತಕೋಶಕ್ಕೆ ಸೇರಿಸ


ದೆ ಪ್ರತ್ಯೇಕವಾಗಿರಿಸುವುದು.

3. ಹುಡುಕಾಟ, ಹೆಸರುಗಳ ಸಮೀಕರಣ ಮತ್ತು ಲಿಪಿ ಪರಿವರ್ತನೆಯ ಸ್ಕ್ರಿಪ್ಟುಗಳ ಮೂಲ ಸಂಕೇತವನ್ನು, ತಿದ್ದುಪಡಿಯ ದಿನಾಂಕಗಳೊಂದಿಗೆ, ಓದುಗರು ನೋಡುವಂತೆ ಒಂದು ಪುಟದಲ್ಲಿರಿಸುವುದು. ಗಣಕಭಾಷೆ ತಿಳಿಯದವರಿಗಾಗಿ ಪ್ರತಿಯೊಂದು ನಿಯಮವನ್ನೂ ಕನ್ನಡದಲ್ಲಿ ವಿವರಿಸುವುದು.

4. ಸರ್ವರ್ ಬದಲಾದಾಗ, ತಂತ್ರಾಂಶ ನವೀಕರಣವಾದಾಗ ಪುಟಗಳನ್ನು ತೆರೆದು, ಅವುಗಳ ಮೂಲವನ್ನೂ ನೋಡಿ, ಸ್ಕ್ರಿಪ್ಟಿನ ಸಾಲುಗಳು ಹೊರಬಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಹಳೆಯ ಪ್ರತಿಗಳನ್ನು ಸಾರ್ವಜನಿಕ ಜಾಗದಲ್ಲಿ ಉಳಿಸದಿರುವುದು.

5. ಕೋಶವನ್ನು ಆಧರಿಸಿ ಬರೆಯುವ ಸಂಶೋಧಕರು ಹುಡುಕಿದ ಪದ ಮತ್ತು ದಿನಾಂಕವನ್ನು ನಮೂದಿಸುವುದು. ಸ್ಕ್ರಿಪ್ಟು ಬದಲಾದರೆ ಫಲಿತವೂ ಬದಲಾಗುವುದರಿಂದ ಇದು ಅಗತ್ಯ.

ಸಮಾರೋಪ

ಪಠ್ಯವನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ನೋಡಬಾರದೆಂಬ ಮಾತು ಜಾನಪದ ಅಧ್ಯಯನದಲ್ಲಿ ಹೊಸದೇನಲ್ಲ. ಅಲನ್ ಡಂಡೆಸ್ ಅವರು 1964ರಲ್ಲಿಯೇ ಪಠ್ಯದೊಂದಿಗೆ ಅದರ ಭಾಷಿಕ ಹೆಣಿಗೆ ಮತ್ತು ಸಂದರ್ಭಗಳನ್ನೂ ದಾಖಲಿಸಬೇಕೆಂದು ವಾದಿಸಿದ್ದರು. ಹಾಡಿನ ಜೊತೆಗೆ ಹಾಡಿದವರು, ಹಾಡಿದ ಹೊತ್ತು, ಕೇಳಿದವರನ್ನು ದಾಖಲಿಸುವ ಶಿಸ್ತು ಅಲ್ಲಿಂದೀಚೆಗೆ ಬಲವಾಗಿ ಬೆಳೆದಿದೆ. ಅಂತರಜಾಲದ ಕೋಶಗಳ ಕಾಲದಲ್ಲಿ ಹಾಡನ್ನು ತಂದು ತೋರಿಸಿದ ಕ್ರಮವಿಧಿಯೂ ಆ ಸಂದರ್ಭದ ಒಂದು ಭಾಗವಾಗಿದೆ. ಸ್ಕ್ರಿಪ್ಟಿನ ಮೂಲ ಸಂಕೇತವು ಅಜಾಗರೂಕತೆಯಿಂದ ಹೊರಬೀಳುವುದು ದೋಷ. ವಿಚಾರಪೂರ್ವಕವಾಗಿ, ಗುಟ್ಟುಗಳನ್ನು ಬೇರ್ಪಡಿಸಿ ತೋರಿಸುವುದು ಸಂಶೋಧನೆಯ ಪ್ರಾಮಾಣಿಕತೆ. ಮಸ್ಕಿಯ ಬಂಡೆಯು ತನ್ನ ಮೇಲಿನ ಬರಹವನ್ನು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಯಲಿನಲ್ಲಿಯೇ ಇಟ್ಟುಕೊಂಡಿತ್ತು. ಓದಬಲ್ಲವರು ಬಂದಾಗ ಅದು ಓದಿಗೆ ದೊರೆಯಿತು. ಇಂದು ಸಿದ್ಧವಾಗುತ್ತಿರುವ ಜಾನಪದ ಕೋಶಗಳ ನಿಯಮಗಳೂ ಮುಂದಿನ ಓದುಗರಿಗೆ ಹಾಗೆಯೇ ದೊರೆಯುವಂತಿರಬೇಕು. ಆಗ ಮಾತ್ರ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಾಡುಗಳ ಬಗ್ಗೆ ಬರೆಯುವವರು ತಾವು ಕಂಡದ್ದು ಕ್ಷೇತ್ರವನ್ನೇ ಹೊರತು ಯಂತ್ರದ ಆಯ್ಕೆಯನ್ನಲ್ಲವೆಂದು ಪರೀಕ್ಷಿಸಿ ಹೇಳಬಲ್ಲರು.